ಎಂಡೊಮೆಟ್ರಿಯೋಸಿಸ್ ನೋವಿಗೂ ಐವಿಎಫ್ ಹೊತ್ತಿಗೂ ಅಕ್ಯುಪಂಕ್ಚರ್: ಕಾಸರಗೋಡಿನವರಿಗೆ ಸಮಗ್ರ ಮಾರ್ಗದರ್ಶಿ

"ಮುಟ್ಟಿನ ಹೊಟ್ಟೆನೋವಿಗೆ ಸೂಜಿ ಚುಚ್ಚಿಸಿಕೊಂಡರೆ ಒಳ್ಳೆಯದಂತೆ, ಮಕ್ಕಳೂ ಆಗುತ್ತವಂತೆ." ಕುಂಬಳೆಯಿಂದ ಮುಳ್ಳೇರಿಯದವರೆಗೆ ಈ ಮಾತು ಈಗ ಮದುವೆ ಮನೆಯ ಪಂಕ್ತಿಯಲ್ಲೂ ಕಿವಿಗೆ ಬೀಳುತ್ತದೆ. ಮಾತಿನ ಮೊದಲ ಅರ್ಧದಲ್ಲಿ ಹುರುಳಿದೆ. ಎರಡನೇ ಅರ್ಧವನ್ನು ನಂಬಿ ದುಡ್ಡು ಸುರಿಯಬೇಡಿ. ಅಕ್ಯುಪಂಕ್ಚರ್ ನೋವನ್ನು ಸ್ವಲ್ಪ ತಗ್ಗಿಸಬಹುದು. ಅಂಡವನ್ನು ಹೊರಗೆ ತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಐವಿಎಫ್ ಚಿಕಿತ್ಸೆಯ ತಿಂಗಳಿನ ಚಡಪಡಿಕೆಯಲ್ಲಿ ಮೈಮನಸ್ಸನ್ನು ಸ್ವಲ್ಪ ಹಗುರ ಮಾಡಬಹುದು. ಇಷ್ಟಕ್ಕೆ ಅದನ್ನು ಹೇಗೆ, ಯಾವಾಗ, ಯಾರ ಕೈಯಲ್ಲಿ ಮಾಡಿಸಿಕೊಳ್ಳಬೇಕು ಎಂಬುದೇ ಇಲ್ಲಿರುವ ವಿಷಯ. ಕಾಸರಗೋಡಿನ ಕಡೆಯವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಜತ್ತ, ಅಕ್ಕಲಕೋಟೆ, ಹೊಸೂರು, ತಾಳವಾಡಿ ಕಡೆಯ ಕನ್ನಡದವರಿಗೂ ಹೆಚ್ಚಿನದೆಲ್ಲ ಹಾಗೆಯೇ ಹೊಂದುತ್ತದೆ.

ಸೂಜಿಗಿಂತ ಮೊದಲು ಫೈಲ್

ಎಂಡೊಮೆಟ್ರಿಯೋಸಿಸ್ ಎಂದರೆ ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದು. ಅಂಡಾಶಯದ ಮೇಲೆ, ಅಂಡ ಸಾಗುವ ಟ್ಯೂಬಿನ ಸುತ್ತ, ಕರುಳಿನ ಹತ್ತಿರ, ಎಲ್ಲಿ ಬೇಕಾದರೂ ಇರಬಹುದು. ಸುತ್ತಲಿನ ಜಾಗ ಕೆರಳುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಂಡಾಶಯದೊಳಗೆ ಹಳೆಯ ರಕ್ತ ತುಂಬಿದ ಗಂಟಾದರೆ ಅದೇ ಡಾಕ್ಟರುಗಳು ಹೇಳುವ ಚಾಕೊಲೇಟ್ ಸಿಸ್ಟ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10 ಮಂದಿಗೆ ಇದು ಇದೆ. ಹತ್ತರಲ್ಲಿ ಒಬ್ಬರು. ಆದರೂ ನಮ್ಮಲ್ಲಿ "ಮುಟ್ಟು ಅಂದ ಮೇಲೆ ನೋವು ಇರುವುದೇ, ಒಂದು ಹೆತ್ತರೆ ಸರಿಯಾಗುತ್ತದೆ" ಎಂದು ವರ್ಷಗಟ್ಟಲೆ ತಳ್ಳುತ್ತೇವೆ. ಹೆರಲಿಕ್ಕೇ ತೊಂದರೆ ಕೊಡುವ ಕಾಯಿಲೆಗೆ ಹೆರುವುದೇ ಮದ್ದು ಎನ್ನುವುದು ಯಾವ ಲೆಕ್ಕ!

ಮುಟ್ಟಿನ ದಿನಗಳಲ್ಲಿ ಏಳಲಾಗದ ನೋವು, ಸಂಭೋಗದಲ್ಲಿ ಒಳಗೆ ನೋವು, ಆ ದಿನಗಳಲ್ಲಿ ಮಲವಿಸರ್ಜನೆ ಮಾಡುವಾಗ ನೋವು, ಸೊಂಟದಿಂದ ತೊಡೆಗೆ ಎಳೆತ. ಇವು ಇದ್ದರೆ ಮೊದಲು ಸ್ತ್ರೀರೋಗ ತಜ್ಞರನ್ನು ನೋಡಬೇಕು. ಎಲ್ಲರಿಗೂ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡುವುದು) ಮಾಡಿಯೇ ಪತ್ತೆ ಮಾಡಬೇಕೆಂದು ಈಗ ಇಲ್ಲ. ಯುರೋಪಿನ ತಜ್ಞರ ಸಂಘ 2022ರ ತನ್ನ ಮಾರ್ಗಸೂಚಿಯಲ್ಲಿ ಸ್ಕ್ಯಾನಿಂಗ್, ಎಂಆರ್‌ಐ ಮತ್ತು ಲಕ್ಷಣಗಳ ಆಧಾರದಲ್ಲೇ ಚಿಕಿತ್ಸೆ ಶುರು ಮಾಡಬಹುದು ಎಂದಿದೆ. ಆದರೆ ಸ್ಕ್ಯಾನಿಂಗ್ ಸರಿಯಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೂ ಅಲ್ಲ.

ಮಗು ಬೇಕೆಂದಿದ್ದರೆ ಫೈಲಿನಲ್ಲಿ ಇಷ್ಟು ಇರಲಿ: ಸಿಸ್ಟ್ ಇದ್ದರೆ ಅದರ ಅಳತೆ, ಅಂಡಗಳ ಉಳಿಕೆ ಹೇಳುವ ಎಎಂಎಚ್ ವರದಿ, ಟ್ಯೂಬುಗಳು ತೆರೆದಿವೆಯೇ ಎಂಬ ವರದಿ, ಆಪರೇಷನ್ ಆಗಿದ್ದರೆ ಅದರ ಡಿಸ್ಚಾರ್ಜ್ ಕಾರ್ಡು. ಜೊತೆಗೆ ಗಂಡನ ವೀರ್ಯ ಪರೀಕ್ಷೆ. ಇದು ಎಲ್ಲಕ್ಕಿಂತ ಸುಲಭದ, ಅಗ್ಗದ ಪರೀಕ್ಷೆ, ಆದರೆ ಎಷ್ಟೋ ಮನೆಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಆಗುತ್ತದೆ. ಹೆಂಡತಿಗೆ ಸೂಜಿ ಮೇಲೆ ಸೂಜಿ, ಗಂಡನಿಗೆ ಒಂದು ಡಬ್ಬಿ ಹಿಡಿಯಲು ಸಂಕೋಚ.

ಯಾವುದಕ್ಕಾಗಿ ಹೋಗುತ್ತಿದ್ದೀರಿ ಎಂದು ತೀರ್ಮಾನ ಮಾಡಿ

ಇದೇ ಮುಖ್ಯ ಹೆಜ್ಜೆ. ಒಂದು ಕಾಗದದಲ್ಲಿ ಒಂದೇ ಸಾಲು ಬರೆಯಿರಿ: "ನನಗೆ ಬೇಕಾದ್ದು ______." ನೋವು ಕಡಿಮೆಯಾಗಬೇಕು, ನಿದ್ದೆ ಬರಬೇಕು, ಇಂಜೆಕ್ಷನ್ ದಿನಗಳ ಗಾಬರಿ ತಗ್ಗಬೇಕು ಎಂದು ಬರೆದರೆ ಮುಂದಕ್ಕೆ ಹೋಗಿ. ಸಿಸ್ಟ್ ಕರಗಬೇಕು, ಎಎಂಎಚ್ ಏರಬೇಕು, ಟ್ಯೂಬಿನ ಬ್ಲಾಕ್ ತೆರೆಯಬೇಕು ಎಂದು ಬರೆದಿದ್ದರೆ ಅದು ಸೂಜಿಯಿಂದ ಆಗುವ ಕೆಲಸವಲ್ಲ.

ನೋವಿನ ವಿಷಯದಲ್ಲಿ ಪುರಾವೆ ತಕ್ಕಮಟ್ಟಿಗೆ ಇದೆ. ಚೀನಾದ ಆಸ್ಪತ್ರೆಗಳಲ್ಲಿ ಎಂಡೊಮೆಟ್ರಿಯೋಸಿಸ್ ಇದ್ದ 106 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಿಜವಾದ ಸೂಜಿ, ಇನ್ನೊಂದಕ್ಕೆ ತೋರಿಕೆಯದು. 12 ವಾರ ಚಿಕಿತ್ಸೆ. ನಿಜವಾದ ಸೂಜಿಯವರಿಗೆ ಮುಟ್ಟಿನ ನೋವು ಹೆಚ್ಚು ತಗ್ಗಿತ್ತು. ಆದರೆ ಚಿಕಿತ್ಸೆ ನಿಲ್ಲಿಸಿ ಮತ್ತೆ 12 ವಾರ ಕಳೆದಾಗ ಆ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಮಾಡಿಸುವಷ್ಟು ಕಾಲ ಉಪಶಮನ, ಬೇರು ಕೀಳುವ ಚಿಕಿತ್ಸೆ ಅಲ್ಲ. ಸೂಜಿ ನರಗಳನ್ನು ಪ್ರಚೋದಿಸುತ್ತದೆ, ಮೈ ತನ್ನದೇ ನೋವುನಿವಾರಕಗಳನ್ನು ಬಿಡುತ್ತದೆ ಎಂಬುದು ವೈದ್ಯರು ಕೊಡುವ ವಿವರಣೆ. ಅರ್ಧ ಗಂಟೆ ಯಾರೂ ಕರೆಯದೆ ಮಲಗಲು ಸಿಗುವುದೂ ಸ್ವಲ್ಪ ಕೆಲಸ ಮಾಡುತ್ತದೆ, ಅಲ್ವಾ?

ಐವಿಎಫ್ ವಿಷಯ ಬೇರೆ. 2002ರಲ್ಲಿ ಜರ್ಮನಿಯ ಒಂದು ಅಧ್ಯಯನ, 160 ಹೆಂಗಸರದ್ದು. ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಮೊದಲೂ ಆಮೇಲೂ ಸೂಜಿ ಹಾಕಿದ ಗುಂಪಿನಲ್ಲಿ ಗರ್ಭ ನಿಂತದ್ದು ಶೇ. 42.5, ಹಾಕದ ಗುಂಪಿನಲ್ಲಿ ಶೇ. 26.3. ಜಗತ್ತಿನ ತುಂಬ ಐವಿಎಫ್ ಸೆಂಟರುಗಳ ಪಕ್ಕ ಅಕ್ಯುಪಂಕ್ಚರ್ ಬೋರ್ಡು ಏಳಲು ಈ ಅಂಕಿ ದೊಡ್ಡ ಕಾರಣ. ಆಮೇಲೆ ದೊಡ್ಡ ಅಧ್ಯಯನಗಳು ಬಂದವು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 848 ಹೆಂಗಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಗು ಹುಟ್ಟಿದ್ದು ನಿಜವಾದ ಸೂಜಿಯವರಲ್ಲಿ ಶೇ. 18.3, ತೋರಿಕೆಯ ಸೂಜಿಯವರಲ್ಲಿ ಶೇ. 17.8. ವ್ಯತ್ಯಾಸವೇ ಇಲ್ಲ ಎನ್ನಬೇಕು. ಯಾರಾದರೂ ನಿಮಗೆ 2002ರ ಅಂಕಿ ತೋರಿಸಿದರೆ 2018ರದ್ದನ್ನು ಕೇಳಿ.

ಹಾಗಾದರೆ ಐವಿಎಫ್ ಜೊತೆ ಮಾಡಿಸಲೇಬಾರದೇ? ಹಾಗೇನಿಲ್ಲ. ನೋವಿಗೆ, ನೆಮ್ಮದಿಗೆ ಎಂದು ಮಾಡಿಸಬಹುದು. ಮಾಡಿಸದಿದ್ದರೆ ಏನೋ ಕಳೆದುಕೊಂಡೆವು ಎಂದು ಕೊರಗುವುದು ಮಾತ್ರ ಬೇಡ.

ಯಾರ ಕೈಗೆ ಮೈ ಕೊಡುವುದು

ಕೇಂದ್ರ ಸರಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನ ಎಂದು ಒಪ್ಪಿತು. 2019ರಲ್ಲಿ ಪ್ರತ್ಯೇಕ ಚಿಕಿತ್ಸಾ ಪದ್ಧತಿ ಎಂದು ಮಾನ್ಯ ಮಾಡಿತು. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮತ್ತು ಕೌನ್ಸಿಲ್ ಇದೆ. ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಯವರು ಚಿಕಿತ್ಸಕರ ನೋಂದಣಿ ಸಂಖ್ಯೆ ಕೇಳಿದರೆ ಮುಗಿಯಿತು. ಸೊಲ್ಲಾಪುರ ಎಂದಾಗ ಒಂದು ನೆನಪು: 1938ರಲ್ಲಿ ಯುದ್ಧಕಾಲದ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿದ್ದ ಡಾ. ದ್ವಾರಕಾನಾಥ ಕೋಟ್ನಿಸ್ ಆ ಊರಿನವರು. ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಅಕ್ಯುಪಂಕ್ಚರ್ ಕಲಿತು ಭಾರತಕ್ಕೆ ತಂದರು.

ಕಾಸರಗೋಡಿನವರು ನೇರವಾಗಿ ಡಿಗ್ರಿ ನೋಡಿ. ಅಕ್ಯುಪಂಕ್ಚರ್ ತರಬೇತಿ ಪಡೆದ ಎಂಬಿಬಿಎಸ್ ವೈದ್ಯರು ಸಿಕ್ಕರೆ ಬಹಳ ಒಳ್ಳೆಯದು. ಇಲ್ಲವಾದರೆ ಬಿಎನ್‌ವೈಎಸ್, ಅಂದರೆ ಐದೂವರೆ ವರ್ಷದ ನ್ಯಾಚುರೋಪತಿ ಮತ್ತು ಯೋಗದ ಪದವಿ. ಅದರ ಪಠ್ಯದಲ್ಲೇ ಅಕ್ಯುಪಂಕ್ಚರ್ ಇದೆ. ಉಜಿರೆಯಲ್ಲಿ 1989ರಿಂದ ಇಂಥ ಕಾಲೇಜು ಇದೆ, ಮೂಡುಬಿದಿರೆಯಲ್ಲೂ ಇದೆ. ಅಲ್ಲಿ ಓದಿದವರು ನಮ್ಮ ಕಡೆಯೂ, ಮಂಗಳೂರಿನಲ್ಲೂ ಸಿಗುತ್ತಾರೆ. ಕೆಲವು ತಿಂಗಳ ಡಿಪ್ಲೊಮಾ ಗೋಡೆಗೆ ತೂಗುಹಾಕಿ "ಡಾಕ್ಟರ್" ಎಂದು ಬೋರ್ಡು ಹಾಕಿಕೊಂಡವರೂ ಸಿಗುತ್ತಾರೆ. ಸೂಜಿಯೇ ಇಲ್ಲದೆ ಬರೀ ಬೆರಳಲ್ಲಿ ಮುಟ್ಟಿ ಕಳಿಸುವವರೂ ಇದ್ದಾರೆ. ಮೇಲೆ ಹೇಳಿದ ಅಧ್ಯಯನಗಳು ಯಾವುವೂ ಆ ಬೆರಳಿನದ್ದಲ್ಲ.

ಫೋನಿನಲ್ಲೇ ಕೇಳಬಹುದಾದ ಪ್ರಶ್ನೆಗಳು ಇವು. ಸೂಜಿ ಒಂದು ಸಲ ಬಳಸಿ ಬಿಸಾಡುವುದೇ? ಐವಿಎಫ್ ಮಾಡಿಸುತ್ತಿರುವವರನ್ನು ಮೊದಲು ನೋಡಿದ್ದೀರಾ? ನನ್ನ ಡಾಕ್ಟರ ಹತ್ತಿರ ಮಾತಾಡುತ್ತೀರಾ? ಎಷ್ಟು ಸಲ ಬರಬೇಕು, ಒಂದು ಸಲಕ್ಕೆ ಎಷ್ಟು? ಹೆಂಗಸರು ಯಾರಾದರೂ ಒಳಗೆ ಇರುತ್ತಾರಾ?

ಒಂದು ಮಾತು ಕೇಳಿದ ಕೂಡಲೇ ಎದ್ದು ಬನ್ನಿ: "ಇಂಗ್ಲಿಷ್ ಮದ್ದು ಎಲ್ಲ ನಿಲ್ಲಿಸಿ, ಸ್ಕ್ಯಾನಿಂಗ್ ಮಾಡಿಸಬೇಡಿ." ಕೇರಳದಲ್ಲಿ ಇದು ಬರೀ ಹೆದರಿಕೆಯ ಮಾತಲ್ಲ. 2024ರ ಫೆಬ್ರವರಿಯಲ್ಲಿ ತಿರುವನಂತಪುರದಲ್ಲಿ ಮನೆಯಲ್ಲೇ ಹೆರಿಗೆಗೆ ಹೊರಟು ತಾಯಿ, ಮಗು ಇಬ್ಬರೂ ತೀರಿಕೊಂಡರು. ಆ ಪ್ರಕರಣದಲ್ಲಿ ಅಕ್ಯುಪಂಕ್ಚರ್ ಚಿಕಿತ್ಸಕರೊಬ್ಬರ ಬಂಧನವೂ ಆಯಿತು. ಹಾಗೆಯೇ "ಗ್ಯಾರಂಟಿ" ಎನ್ನುವವರು, ಇಪ್ಪತ್ತು ಮೂವತ್ತು ಸಲದ ದುಡ್ಡು ಮೊದಲೇ ಕೇಳುವವರು, ಹೆಸರಿಲ್ಲದ ಪುಡಿ ಕಟ್ಟಿಕೊಡುವವರು. ಇವರ ಹತ್ತಿರ ವಾದ ಮಾಡಲಿಕ್ಕೆ ಹೋಗಬೇಡಿ, ಸುಮ್ನೆ ಬಂದುಬಿಡಿ.

ಇನ್ನೊಂದು ಮೋಸ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. "ಮೊದಲು ಆರು ತಿಂಗಳು ಸೂಜಿಯಲ್ಲಿ ಮೈ ಹದ ಮಾಡೋಣ, ಆಮೇಲೆ ಐವಿಎಫ್‌ಗೆ ಹೋಗಿ" ಎನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ. ಆದರೆ ನಿಮಗೆ 36 ವರ್ಷ, ಎಎಂಎಚ್ ಕಡಿಮೆ ಎಂದಾದರೆ ಆ ಆರು ತಿಂಗಳು ತಿರುಗಿ ಬರುವುದಿಲ್ಲ. ಸಿಸ್ಟ್ ಆಪರೇಷನ್ ಆದವರಿಗಂತೂ ಅಂಡಗಳ ಉಳಿಕೆ ಮೊದಲೇ ತಗ್ಗಿರಬಹುದು. ಡಾಕ್ಟರು ಕೊಟ್ಟ ತಾರೀಕಿಗೆ ಸೂಜಿ ಹೊಂದಿಕೊಳ್ಳಬೇಕೇ ಹೊರತು ಸೂಜಿಗಾಗಿ ತಾರೀಕು ಮುಂದೆ ಹೋಗಬಾರದು.

ಡಾಕ್ಟರಿಗೆ ಹೇಳಿಯೇ ಹೋಗಿ

"ಹೇಳಿದರೆ ಬೈಯುತ್ತಾರೆ" ಎಂದು ಬಚ್ಚಿಡುವವರೇ ಜಾಸ್ತಿ. ಬೈದರೂ ಪರವಾಗಿಲ್ಲ, ಹೇಳಿ. ಕಾರಣ ರಕ್ತ. ಐವಿಎಫ್ ಮಾಡಿಸುವವರಲ್ಲಿ ಹಲವರಿಗೆ ಇಕೋಸ್ಪ್ರಿನ್ ಮಾತ್ರೆಯೋ ಹೆಪಾರಿನ್ ಜಾತಿಯ ಹೊಟ್ಟೆಯ ಇಂಜೆಕ್ಷನ್ನೋ ಇರುತ್ತದೆ. ಎರಡೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವಂಥವು. ಆಗ ಸೂಜಿ ಹಾಕಿದಲ್ಲಿ ರಕ್ತ ಕಂದು ಕಟ್ಟಬಹುದು, ಆಳಕ್ಕೆ ಹಾಕುವುದು ತರವಲ್ಲ. ಮಾತ್ರೆಯ ಸ್ಟ್ರಿಪ್‌ನ ಫೋಟೋ ತೆಗೆದು ಸೂಜಿ ಹಾಕುವವರಿಗೆ ತೋರಿಸಿ. ಹೆಸರು ಬಾಯಲ್ಲಿ ಹೇಳಲು ಹೋಗಬೇಡಿ, ಮದ್ದಿನ ಹೆಸರುಗಳು ಅರ್ಧ ಒಂದೇ ಥರ ಇರುತ್ತವೆ.

ಡಾಕ್ಟರ ಹತ್ತಿರ ಹೀಗೆ ಕೇಳಿದರೆ ಸಾಕು: "ನೋವಿಗೆ ಅಕ್ಯುಪಂಕ್ಚರ್ ಮಾಡಿಸಬೇಕೆಂದಿದ್ದೇನೆ ಡಾಕ್ಟ್ರೇ. ನನ್ನ ಮದ್ದಿಗೆ ತೊಂದರೆ ಇದೆಯಾ? ಯಾವ ದಿನಗಳಲ್ಲಿ ಬೇಡ?" ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ, ಅಪಸ್ಮಾರ ಇದ್ದರೆ, ರಕ್ತ ಬೇಗ ನಿಲ್ಲದ ಕಾಯಿಲೆ ಇದ್ದರೆ ಇಬ್ಬರಿಗೂ ಹೇಳಬೇಕು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟು ಕೊಡುವ ವಿಧಾನ ಬೇಡವೇ ಬೇಡ. ಡೈನೊಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ನಡೆಯುತ್ತಿದ್ದರೆ ಅದನ್ನು ಸೂಜಿಯವರ ಮಾತಿಗೆ ನಿಲ್ಲಿಸಬೇಡಿ. ಆ ಮಾತ್ರೆ ನೋವಿಗೆ, ಕಾಯಿಲೆ ಹತೋಟಿಗೆ. ಮಗುವಿಗೆ ಪ್ರಯತ್ನಿಸುವಾಗ ಯಾವಾಗ ಬಿಡಬೇಕೆಂದು ಹೇಳಬೇಕಾದವರು ಅದನ್ನು ಬರೆದುಕೊಟ್ಟವರು.

ಕಾಸರಗೋಡಿನ ನಮಗೆ ಒಂದು ಹೆಚ್ಚಿನ ತಾಪತ್ರಯ. ಆಸ್ಪತ್ರೆಯ ಒಪ್ಪಿಗೆ ಪತ್ರ ಇಲ್ಲಿಯಾದರೆ ಮಲಯಾಳದಲ್ಲಿ, ಮಂಗಳೂರಾದರೆ ಇಂಗ್ಲಿಷಿನಲ್ಲಿ. ಓದಲಾಗದ್ದಕ್ಕೆ ಸಹಿ ಹಾಕಬೇಡಿ. ಓದಿ ಹೇಳಿ ಎಂದು ಕೇಳುವುದರಲ್ಲಿ ನಾಚಿಕೆ ಏನಿದೆ? ಐವಿಎಫ್ ಸೆಂಟರ್ ಇಂಥ ಚಿಕಿತ್ಸೆಗಳಿಗೆಂದೇ ಇರುವ 2021ರ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದೂ ಅಲ್ಲೇ ಕೇಳಿಬಿಡಿ.

ಮೊದಲ ಸಲ ಹೋಗುವಾಗ

ಹೊಟ್ಟೆ ಖಾಲಿ ಬೇಡ. ಮೊದಲ ಸಲ ಸೂಜಿ ಹಾಕಿಸಿಕೊಂಡು ಕಣ್ಣು ಕತ್ತಲೆ ಬರುವವರಲ್ಲಿ ಹಸಿದು ಬಂದವರೇ ಹೆಚ್ಚು. ಗಂಜಿಯೋ ಎರಡು ನೀರುದೋಸೆಯೋ ತಿಂದು, ಒಂದೆರಡು ಗಂಟೆ ಬಿಟ್ಟು ಮಲಗುವ ಹಾಗೆ ಹೊರಡಿ. ಬಿಗಿ ಲೆಗ್ಗಿಂಗ್ಸ್ ಹಾಕಿದರೆ ಮೊಣಕಾಲಿನವರೆಗೆ ಮಡಚಲಾಗದೆ ಪೇಚಾಟ. ಸಡಿಲ ಚೂಡಿದಾರ ಅಥವಾ ಸೀರೆ ವಾಸಿ. ಪೆರ್ಲ, ಅಡ್ಯನಡ್ಕ ಕಡೆಯಿಂದ ತಿರುವು ರಸ್ತೆಯಲ್ಲಿ ಬಸ್ಸಿನಲ್ಲಿ ಬರುವವರು ಇಳಿದ ಕೂಡಲೇ ಬೆಡ್ ಹತ್ತಬೇಡಿ. ಹತ್ತು ನಿಮಿಷ ಕೂತು ನೀರು ಕುಡಿಯಿರಿ.

ಮೊದಲು ಮಾತುಕತೆ. ಮುಟ್ಟು ಯಾವಾಗ, ನೋವು ಎಲ್ಲಿಂದ ಎಲ್ಲಿಗೆ, ಮಲಬದ್ಧತೆ, ನಿದ್ದೆ. ಚೀನೀ ಪದ್ಧತಿಯವರು ನಾಲಿಗೆ ನೋಡುತ್ತಾರೆ, ಎರಡೂ ಕೈಯ ನಾಡಿ ಹಿಡಿಯುತ್ತಾರೆ. ಫೈಲನ್ನು ಮುಟ್ಟದೆ ನಾಡಿಯಲ್ಲೇ ಎಲ್ಲ ಹೇಳುತ್ತೇನೆ ಎನ್ನುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಆಮೇಲೆ ನೀವು ಕಣ್ಣಿಟ್ಟು ನೋಡಬೇಕಾದ್ದು ಸೂಜಿಯ ಪೊಟ್ಟಣ. ಹಿಂದೆ ಕಾಗದ, ಮುಂದೆ ಪ್ಲಾಸ್ಟಿಕ್, ಒಳಗೆ ಸಾಲಾಗಿ ಸೂಜಿ. ಪೊಟ್ಟಣದ ಮೇಲೆ ಅವಧಿ ಮುಗಿಯುವ ತಿಂಗಳು ಇರುತ್ತದೆ. ಅದನ್ನು ನಿಮ್ಮೆದುರು ಹರಿಯಬೇಕು. ಸೂಜಿಯ ದಪ್ಪ ಸಾಮಾನ್ಯವಾಗಿ 0.25 ಮಿಲಿಮೀಟರ್ ಆಸುಪಾಸು. ಲ್ಯಾಬಿನಲ್ಲಿ ರಕ್ತ ತೆಗೆಯುವ ಸೂಜಿಯ ದಪ್ಪ ಇದರ ಎರಡು ಮೂರು ಪಟ್ಟು. ಕೈ ತೊಳೆದು, ಸ್ಪಿರಿಟ್ ಹತ್ತಿಯಲ್ಲಿ ಚರ್ಮ ಒರೆಸಿ, ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಮೇಲಿಂದ ಬೆರಳಲ್ಲಿ ಟಕ್ಕೆಂದು ತಟ್ಟುತ್ತಾರೆ. ಇರುವೆ ಕಚ್ಚಿದಷ್ಟು ಚುರುಕು. ಕೊಳವೆ ತೆಗೆದು ಸೂಜಿಯನ್ನು ಇನ್ನೂ ಒಳಗೆ ಬಿಟ್ಟು ಮೆಲ್ಲಗೆ ತಿರುಗಿಸುವಾಗ ಬೇರೆಯೇ ಅನುಭವ. ಚರ್ಮದ ಕೆಳಗೆ ಏನೋ ಜಗ್ಗಿದಂತೆ, ಭಾರವಾದಂತೆ, ಜುಂ ಎಂದಂತೆ. ಅದು ಸಹಜ. ಕಾಲಿನುದ್ದಕ್ಕೂ ಶಾಕ್ ಹೊಡೆದಂತೆ ಆದರೆ, ತಡೆಯಲಾಗದ ಉರಿಯಾದರೆ ಹಲ್ಲು ಕಚ್ಚಿ ಸಹಿಸಬೇಡಿ. ಆಗಲೇ ಹೇಳಿದರೆ ಸೂಜಿ ಜರುಗಿಸುತ್ತಾರೆ.

ಮುಟ್ಟಿನ ನೋವಿಗೆ ಹೆಚ್ಚಾಗಿ ಆರಿಸುವ ಜಾಗಗಳು ಕೆಳಹೊಟ್ಟೆ, ಸೊಂಟದ ಕೆಳಗಿನ ತ್ರಿಕಾಸ್ಥಿ, ಮೊಣಕಾಲಿನ ಕೆಳಗೆ, ಮತ್ತು ಪಾದದ ಗಂಟಿನ ಒಳಬದಿಯಲ್ಲಿ ಉಬ್ಬಿದ ಮೂಳೆಯಿಂದ ನಾಲ್ಕು ಬೆರಳು ಮೇಲೆ. ಕೊನೆಯದರ ಹೆಸರು ಸಾನ್‌ಯಿನ್‌ಜಿಯಾವೊ. 20ರಿಂದ 30 ನಿಮಿಷ ಹಾಗೆಯೇ ಮಲಗಿರಬೇಕು. ಕೈಗೆ ಸಿಗುವ ಹಾಗೆ ಬೆಲ್ ಇದೆಯೇ, ಕರೆದರೆ ಕೇಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ತೆಗೆಯುವಾಗ ಎಷ್ಟು ಹಾಕಿದ್ದರು, ಎಷ್ಟು ತೆಗೆದರು ಎಂದು ಲೆಕ್ಕ ಹಾಕುವವರು ಒಳ್ಳೆಯ ಕೆಲಸಗಾರರು. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ ಬೀಳಬೇಕು, ಕಸದ ಬುಟ್ಟಿಗಲ್ಲ.

ಅಂದು ಸ್ವಲ್ಪ ಜೋಂಪು ಹತ್ತಬಹುದು. ಸ್ಕೂಟರ್ ಓಡಿಸಿಕೊಂಡು ಹಿಂದೆ ಬರುವ ಯೋಜನೆ ಮೊದಲ ಸಲ ಬೇಡ.

ಕ್ಯಾಲೆಂಡರಿಗೆ ಹೊಂದಿಸುವುದು

ಬರೀ ನೋವಿಗೆ ಹೋಗುವವರದ್ದು ಸುಲಭ. ವಾರಕ್ಕೆ ಒಂದು ಅಥವಾ ಎರಡು ಸಲ, ಮುಟ್ಟಿಗೆ ಒಂದು ವಾರ ಮೊದಲಿನಿಂದ ಸ್ವಲ್ಪ ಹತ್ತಿರ ಹತ್ತಿರ, ಹೀಗೆ ಮೂರು ಮುಟ್ಟು ನೋಡಿ. ಚೀನಾದ ಅಧ್ಯಯನದಲ್ಲಿ ಇದಕ್ಕಿಂತ ಜಾಸ್ತಿ ಸಲ ಇತ್ತು. ಮಂಜೇಶ್ವರದಿಂದ ಮಂಗಳೂರಿಗೆ ವಾರಕ್ಕೆ ಮೂರು ಸಲ ಓಡಾಡಿದರೆ ನೋವು ಇಳಿದದ್ದಕ್ಕಿಂತ ಸುಸ್ತು ಏರಿದ್ದೇ ಹೆಚ್ಚಾದೀತು. ಜುಲೈ ಮಳೆಯಲ್ಲಂತೂ ಕೇಳುವುದೇ ಬೇಡ. ಹತ್ತಿರದ ಸಾಧಾರಣ ಒಳ್ಳೆಯವರು ದೂರದ ಬಹಳ ಒಳ್ಳೆಯವರಿಗಿಂತ ಉಪಯೋಗ, ಸ್ವಚ್ಛತೆ ಸರಿಯಿದ್ದರೆ.

ಲ್ಯಾಪ್ರೋಸ್ಕೋಪಿ ಆದವರು ಗಾಯ ಒಣಗಿ, ಡಾಕ್ಟರು ಮರುಪರೀಕ್ಷೆಯಲ್ಲಿ ಸರಿ ಎಂದ ಮೇಲೆ ಶುರು ಮಾಡಿ. ಹೊಲಿಗೆಯ ಹತ್ತಿರ ಸೂಜಿ ಬೇಡ, ಕೈಕಾಲಿನ ಜಾಗಗಳು ಸಾಕು. ಸಹಜವಾಗಿ ಗರ್ಭಕ್ಕೆ ಪ್ರಯತ್ನಿಸುವುದಾದರೆ ಆಪರೇಷನ್ ಆದ ಮೇಲಿನ ತಿಂಗಳುಗಳು ಬೆಲೆಬಾಳುವವು. ಡಾಕ್ಟರು ಕೊಟ್ಟ ಗಡುವು ಮೀರಿದರೆ ಮುಂದಿನ ಚಿಕಿತ್ಸೆಗೆ ಹೊರಳಿ.

ಐವಿಎಫ್ ತಿಂಗಳು ಹೀಗೆ:

ಇಂಜೆಕ್ಷನ್ ದಿನಗಳು. ಅಂಡಗಳು ಬೆಳೆಯಲೆಂದು ಹಾರ್ಮೋನ್ ಕೊಡುವ ಹೊತ್ತು, ಸಾಮಾನ್ಯವಾಗಿ ಹತ್ತು ಹನ್ನೆರಡು ದಿನ. ಶುರುವಿನಲ್ಲಿ ಸೂಜಿ ಹಾಕಿಸಬಹುದು. ದಿನ ಹೋದಂತೆ ಅಂಡಾಶಯ ಊದುತ್ತದೆ, ಆಗ ಹೊಟ್ಟೆಯ ಮೇಲೆ ಆಳದ ಸೂಜಿ ಬೇಡ. ಆಸ್ಟ್ರೇಲಿಯಾದ ಅಧ್ಯಯನದಲ್ಲಿ 6ರಿಂದ 8ನೇ ದಿನದ ನಡುವೆ ಒಂದು ಸಲ ಹಾಕಿದ್ದರು. ಒಂದು ಸಲ ಸಾಕು.

ಎಗ್ ಪಿಕಪ್. ಕೊನೆಯ ಇಂಜೆಕ್ಷನ್ ಕೊಟ್ಟು ಸುಮಾರು 34ರಿಂದ 36 ಗಂಟೆಗೆ ಅಂಡ ತೆಗೆಯುತ್ತಾರೆ. ಆ ಇಂಜೆಕ್ಷನ್‌ನ ಗಂಟೆ ತಪ್ಪಬಾರದು, ಮಿಕ್ಕಿದ್ದೆಲ್ಲ ಆಮೇಲೆ. ತೆಗೆದ ಮೇಲೆ ಒಂದೆರಡು ದಿನ ಸುಮ್ಮನೆ ಮಲಗಿ.

ಟ್ರಾನ್ಸ್‌ಫರ್. ಭ್ರೂಣಕ್ಕೆ 3 ಅಥವಾ 5 ದಿನ ಆದಾಗ ಬಿಡುತ್ತಾರೆ. ಫ್ರೀಜ್ ಮಾಡಿದ್ದಾದರೆ ಬೇರೆ ತಿಂಗಳಲ್ಲಿ. ಅಂದು ಮೊದಲು ಒಂದು ಸಲ, ಆಮೇಲೆ ಒಂದು ಸಲ ಎಂಬ ಪದ್ಧತಿ ಹುಟ್ಟಿದ್ದು ಆ ಜರ್ಮನಿಯ ಅಧ್ಯಯನದಿಂದ. ಸೂಜಿಯವರು ಆಸ್ಪತ್ರೆಯಲ್ಲೇ ಇದ್ದರೆ, ನಿಮಗೆ ಹಿತವೆನಿಸಿದರೆ ಮಾಡಿಸಿ. ದೇರಳಕಟ್ಟೆಯ ಆಸ್ಪತ್ರೆಯಿಂದ ಮಂಗಳೂರಿನ ಇನ್ನೊಂದು ತುದಿಗೆ ಟ್ರಾಫಿಕ್ಕಿನಲ್ಲಿ ಹೋಗಿ ಬರಬೇಕು ಎಂದಾದರೆ ಬಿಟ್ಟುಬಿಡಿ. ನೆಮ್ಮದಿಗೆಂದು ಹೊರಟು ಗಡಿಬಿಡಿ ತಂದುಕೊಳ್ಳುವುದು ಯಾಕೆ?

ಟೆಸ್ಟಿನವರೆಗಿನ ಕಾಯುವ ದಿನಗಳು. ಹೆಚ್ಚಿನವರು ಕುಗ್ಗುವುದು ಇಲ್ಲೇ. ಅತ್ತೆ ಮನೆಯಿಂದ ದಿನಾ ಫೋನು, "ಏನಾಯ್ತು ಮಗಾ?" ಎಂದು. ಸೂಜಿ ಬೇಕೆನಿಸಿದರೆ ತಲೆ, ಕೈ, ಕಿವಿಯ ಜಾಗಗಳಲ್ಲಿ ಮೆಲ್ಲಗೆ ಹಾಕಿಸಬಹುದು. ಗರ್ಭ ನಿಂತಿರಬಹುದಾದ ದಿನಗಳಲ್ಲಿ ಕೆಳಹೊಟ್ಟೆ, ತ್ರಿಕಾಸ್ಥಿ, ಆ ಸಾನ್‌ಯಿನ್‌ಜಿಯಾವೊ, ಹೆಬ್ಬೆರಳು ತೋರುಬೆರಳಿನ ನಡುವಿನ ಜಾಗ ಇವನ್ನು ಬಿಡುವುದು ವಾಡಿಕೆ. ಬಸುರಿ ಎಂದು ಗೊತ್ತಾದ ದಿನವೇ ಸೂಜಿಯವರಿಗೂ ತಿಳಿಸಿ.

ನೋಟ್ ಬುಕ್ಕು

ದಿನಾ ರಾತ್ರಿ ಒಂದು ಸಾಲು. ನೋವು 0ಯಿಂದ 10ರಲ್ಲಿ ಎಷ್ಟು, ನೋವಿನ ಮಾತ್ರೆ ಎಷ್ಟು ತೆಗೆದುಕೊಂಡಿರಿ, ಕೆಲಸಕ್ಕೆ ಹೋಗಲಾಯಿತೇ, ನಿದ್ದೆ ಹೇಗೆ. ಸೂಜಿ ಶುರು ಮಾಡುವ ಒಂದು ತಿಂಗಳು ಮೊದಲೇ ಬರೆಯಲು ತೊಡಗಿ, ಇಲ್ಲವಾದರೆ ಹೋಲಿಸಲು ಏನೂ ಇರುವುದಿಲ್ಲ. ಮೂರು ಮುಟ್ಟು ಆದ ಮೇಲೆ ಪುಟ ತಿರುವಿ. 8 ಇದ್ದದ್ದು 5ಕ್ಕೆ ಬಂದಿದೆ, ಆರು ಮಾತ್ರೆಯ ಜಾಗದಲ್ಲಿ ಎರಡು ಆಗಿದೆ ಎಂದರೆ ಮುಂದುವರಿಸಿ, ಆಮೇಲೆ ತಿಂಗಳಿಗೆ ಎರಡಕ್ಕೆ ಇಳಿಸಿ ನೋಡಿ. 8 ಇದ್ದದ್ದು 8ರಲ್ಲೇ ಇದ್ದರೆ ನಿಲ್ಲಿಸಿ. "ಇನ್ನು ಹತ್ತು ಸಲ ಆದರೆ ಖಂಡಿತ" ಎಂಬ ಮಾತಿಗೆ ಕೊನೆ ಇಲ್ಲ. ನೋವು ನಿಮ್ಮದು, ಅಂಕಿಯೂ ನಿಮ್ಮದೇ.

ದುಡ್ಡಿನ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಸೂಜಿಯ ಫೀಸು ಮಾತ್ರ ಅಲ್ಲ, ಬಸ್ಸು, ರಿಕ್ಷಾ, ತಪ್ಪಿದ ಕೂಲಿ ಅಥವಾ ರಜೆ. ಬೀಡಿ ಕಟ್ಟುವವರಿಗೆ, ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಅರ್ಧ ದಿನ ಎಂದರೆ ಅರ್ಧ ದಿನದ ಸಂಬಳವೇ. ಐವಿಎಫ್‌ಗೆಂದು ಕೂಡಿಟ್ಟ ಹಣದಿಂದ ಇದಕ್ಕೆ ತೆಗೆಯಬೇಡಿ.

ಮನೆಯಲ್ಲಿ ಮಾಡಬಹುದಾದದ್ದು

ಸೂಜಿ ತರಿಸಿಕೊಂಡು ನೀವೇ ಚುಚ್ಚಿಕೊಳ್ಳುವುದು ಬೇಡ. ಅದರ ಬಗ್ಗೆ ಎರಡನೇ ಮಾತಿಲ್ಲ. ಬಿಸಿನೀರಿನ ಚೀಲ ಕೆಳಹೊಟ್ಟೆಗೆ, ಮುಟ್ಟಿನ ನೋವಿಗೆ ನಿಜವಾಗಿ ಉಪಯೋಗ ಆಗುತ್ತದೆ. ಬಟ್ಟೆ ಸುತ್ತಿ ಇಡಿ. ದಿನಾ ಇಟ್ಟು ಚರ್ಮ ಕಂದು ಬಲೆಯಂತೆ ಆದವರಿದ್ದಾರೆ. ಭ್ರೂಣ ಬಿಟ್ಟ ಮೇಲೆ ಹೊಟ್ಟೆಗೆ ಬಿಸಿ ಇಡಬೇಡಿ. ಚರ್ಮದ ಮೇಲಿಂದ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವ ಟೆನ್ಸ್ ಎಂಬ ಚಿಕ್ಕ ಬ್ಯಾಟರಿ ಯಂತ್ರವನ್ನು ಬಳಸುವುದು ಹೇಗೆಂದು ಫಿಸಿಯೋಥೆರಪಿಯವರ ಹತ್ತಿರ ಕೇಳಿ ಕಲಿಯಬಹುದು. ಗರ್ಭದ ಸಾಧ್ಯತೆ ಇರುವಾಗ ಅದನ್ನೂ ಬದಿಗಿಡಿ. ಮುಟ್ಟಿನ ದಿನಗಳಲ್ಲಿ ಕಾಲಿನ ಒಳಬದಿಯ ಆ ಸಾನ್‌ಯಿನ್‌ಜಿಯಾವೊ ಜಾಗವನ್ನು ಹೆಬ್ಬೆರಳಲ್ಲಿ ಎರಡು ಮೂರು ನಿಮಿಷ ಒತ್ತಿ ಬಿಟ್ಟು ಒತ್ತಿ ಮಾಡಬಹುದು. ಖರ್ಚಿಲ್ಲ, ಕೆಲವರಿಗೆ ಹಿತವಾಗುತ್ತದೆ. ಡಾಕ್ಟರು ಬರೆದ ನೋವಿನ ಮಾತ್ರೆಯನ್ನು ನೋವು ಏರುವ ಮೊದಲೇ, ಊಟದ ಮೇಲೆ ತೆಗೆದುಕೊಳ್ಳಿ. ಗರ್ಭಕ್ಕೆ ಪ್ರಯತ್ನಿಸುವ ತಿಂಗಳಲ್ಲಿ ಯಾವ ಮಾತ್ರೆ ಆಗಬಹುದೆಂದು ಬೇರೆಯೇ ಕೇಳಿ.

ಮನೆಯ ಕಷಾಯ, ನಾಟಿಮದ್ದು ವಿಷಯ ಬರದೆ ನಮ್ಮಲ್ಲಿ ಮಾತು ಮುಗಿಯುವುದಿಲ್ಲ. ಜೀರಿಗೆ ಕಷಾಯಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ಹಾರ್ಮೋನ್ ಇಂಜೆಕ್ಷನ್ ನಡೆಯುವಾಗ ಬೇರು, ಪುಡಿ, ಲೇಹ್ಯ ಯಾವುದನ್ನೂ ಡಾಕ್ಟರಿಗೆ ಹೇಳದೆ ಸೇರಿಸಬೇಡಿ, ಅದು ಎಷ್ಟೇ ಹಳೆಯ ಮನೆತನದವರು ಕೊಟ್ಟದ್ದಾಗಿರಲಿ.

ಕೂಡಲೇ ಹೊರಡಬೇಕಾದ ಹೊತ್ತು

ಸೂಜಿ ಹಾಕಿಸಿದ ಮೇಲೆ ಎದೆಯಲ್ಲಿ ಚಳುಕು ಹಿಡಿದು ಉಸಿರು ಕಟ್ಟಿದರೆ ಅದು ಶ್ವಾಸಕೋಶಕ್ಕೆ ಸೂಜಿ ತಾಗಿದ್ದಿರಬಹುದು. ಅಪರೂಪ, ಆದರೆ ತಡ ಮಾಡುವಂಥದ್ದಲ್ಲ. ಚುಚ್ಚಿದ ಜಾಗ ಕೆಂಪಾಗಿ ಬಿಸಿಯಾಗಿ ಕೀವು ಕಟ್ಟಿದರೆ, ಜ್ವರ ಬಂದರೆ ತೋರಿಸಿ.

ಐವಿಎಫ್ ನಡೆಯುವಾಗ ಹೊಟ್ಟೆ ಬಿಗಿದು ಉಬ್ಬಿ, ಒಂದೆರಡು ದಿನದಲ್ಲಿ ತೂಕ ಏರಿ, ಮೂತ್ರ ಕಡಿಮೆಯಾಗಿ, ಉಸಿರು ಮೇಲೆ ಬರುತ್ತಿದ್ದರೆ ಅದು ಅಂಡಾಶಯ ಅತಿಯಾಗಿ ಕೆರಳಿದ್ದರ ಲಕ್ಷಣ. ಒಂದೇ ಬದಿಯಲ್ಲಿ ಹಠಾತ್ತಾಗಿ ತಡೆಯಲಾಗದ ನೋವು ಮತ್ತು ವಾಂತಿ ಬಂದರೆ ಅಂಡಾಶಯ ತಿರುಚಿರಬಹುದು. ಟೆಸ್ಟ್ ಪಾಸಿಟಿವ್ ಬಂದ ಮೇಲೆ ಒಂದು ಬದಿ ನೋವು, ರಕ್ತಸ್ರಾವ, ಹೆಗಲ ತುದಿಯಲ್ಲಿ ನೋವು, ತಲೆಸುತ್ತು ಬಂದರೆ ಗರ್ಭ ಟ್ಯೂಬಿನಲ್ಲಿ ನಿಂತಿರಬಹುದು. ಇವು ಯಾವುದನ್ನೂ "ನಾಳೆ ಹೇಗೂ ಸೂಜಿಗೆ ಹೋಗುವುದಿದೆ" ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ನಿಮ್ಮ ಡಾಕ್ಟರು ಮಂಗಳೂರಿನಲ್ಲಿದ್ದಾರೆ ಎಂದು ತಲಪಾಡಿ ದಾಟಲು ಹೊರಡಬೇಡಿ, ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ. ಫೈಲಿನ ಮುಖ್ಯ ಪುಟಗಳ ಫೋಟೋ ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇಟ್ಟಿರಿ.